ಯಾವುದು ನಿಲ್ಲಬಾರದು?

ಅಂಗಡಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತಿದ್ದರು: “ಒಂದು ಯುಪಿಎಸ್ ಹಾಕಿಸೋಕೆ ಎಷ್ಟಾಗ್ತದೆ?” ನಮ್ಮ ಯಜಮಾನರು ತಕ್ಷಣ ರೇಟು ಹೇಳಿದ್ದನ್ನು ನಾನು ಕಂಡಿಲ್ಲ. ಗೆರೆ ಎಳೆದ ನೋಟ್‌ಬುಕ್ಕನ್ನು ಎದುರಿಗೆ ಎಳೆದುಕೊಂಡು, “ರೇಟು ಆಮೇಲೆ. ಕರೆಂಟು ಹೋದಾಗ ನಿಮ್ಮಲ್ಲಿ ಯಾವುದು ನಿಲ್ಲಬಾರದು, ಅದನ್ನು ಮೊದಲು ಹೇಳಿ” ಎನ್ನುತ್ತಿದ್ದರು. ಬಂದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಹೆಚ್ಚಿನವರು ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರುತ್ತಿರಲಿಲ್ಲ. ಪಟ್ಟಿ ತಯಾರಾದ ಮೇಲೆ ಎರಡನೆಯ ಪ್ರಶ್ನೆ: “ಎಷ್ಟು ಹೊತ್ತು?” ಯುಪಿಎಸ್‌ನ ಅಳತೆ ಮೊದಲನೆಯ ಉತ್ತರದಿಂದ, ಬ್ಯಾಟರಿಯ ಅಳತೆ ಎರಡನೆಯದರಿಂದ. ಮುಂದೆ ಎಷ್ಟೋ ಮನೆ, ಅಂಗಡಿ, ನರ್ಸಿಂಗ್ ಹೋಮುಗಳ ಲೋಡ್ ಲೆಕ್ಕ ಹಾಕಿದ್ದೇನೆ. ಈ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳುವುದನ್ನು ಬಿಟ್ಟಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮಲೆನಾಡಿನ ಸಾಗರದ ಆ ಅಂಗಡಿಗೆ ಸೇರಿದ್ದೆ. ಯಜಮಾನರು ಬೆಳಿಗ್ಗೆ ಶಟರ್ ಎತ್ತಿ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಪೇಪರಿನಲ್ಲಿ ಮೊದಲು ನೋಡುತ್ತಿದ್ದದ್ದು ಜಲಾಶಯಗಳ ಮಟ್ಟ. ಲಿಂಗನಮಕ್ಕಿ, ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು. ಮಳೆ ಕೈಕೊಟ್ಟು ಶರಾವತಿಯ ನೀರು ಇಳಿದರೆ ಬೇಸಿಗೆಗೆ ಮೊದಲೇ ಲೋಡ್ ಶೆಡ್ಡಿಂಗ್ ಶುರುವಾಗುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಳೆ ಚೆನ್ನಾಗಿ ಬಂದರೂ ಮಲೆನಾಡಿನವರಿಗೆ ನೆಮ್ಮದಿ ಇರಲಿಲ್ಲ. ಗಾಳಿಗೆ ಮರ ಬಿದ್ದು ಲೈನು ಹರಿಯುತ್ತಿತ್ತು, ಕಂಬದ ಜಂಪ್ ತಂತಿ ಕಟ್ಟಾಗುತ್ತಿತ್ತು, ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ತೋಟ, ಗದ್ದೆ, ಮನೆ ಬಿಟ್ಟು ಎದ್ದು ಬಂದ ಮುಳುಗಡೆಯ ಕುಟುಂಬಗಳು ನಮ್ಮ ಗಿರಾಕಿಗಳಲ್ಲಿ ಬಹಳ ಇದ್ದವು. ನನ್ನ ದೊಡ್ಡಪ್ಪನ ಮನೆಯೂ ಅಂಥದ್ದೇ. ನಾಡಿನ ಬೆಳಕಿಗಾಗಿ ಊರು ಕೊಟ್ಟವರು ರಾತ್ರಿ ಬ್ಯಾಟರಿಯ ಗಂಟೆ ಎಣಿಸಿಕೊಂಡು ಕೂರಬೇಕಾಗಿ ಬಂದದ್ದು ಆಗಲೂ ನನಗೆ ನೋವಿನ ಸಂಗತಿಯಾಗಿತ್ತು, ಈಗಲೂ ಹಾಗೇ ಇದೆ.

ಪೇಟೆಯಲ್ಲಿ ಆಗ ಹೊಸದಾಗಿ ಎದ್ದಿದ್ದವು ಡಿಟಿಪಿ ಸೆಂಟರ್‌ಗಳು. ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳ ಪಕ್ಕದಲ್ಲೇ ಶ್ರೀಲಿಪಿ, ಪ್ರಕಾಶಕ್ ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರುಗಳು ಬಂದಿದ್ದವು. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ, ವರ್ಷದ ಕೊನೆಗೆ ಸಹಕಾರ ಸಂಘಗಳ ವಾರ್ಷಿಕ ವರದಿ. ಪುಟ ಕಟ್ಟಿ ಮುಗಿಯುವ ಹೊತ್ತಿಗೆ ಕರೆಂಟು ಹೋದರೆ, ಸೇವ್ ಮಾಡದ ಅಷ್ಟೂ ಕೆಲಸ ಮಣ್ಣುಪಾಲು. ಅಂಥ ಒಂದು ಸೆಂಟರಿನವರು ಬೇರೆ ಊರಿನ ಯಾರೋ ಮಾರಿದ ಯುಪಿಎಸ್ ಹಾಕಿಸಿಕೊಂಡು, ಅದು ಲೇಸರ್ ಪ್ರಿಂಟರ್ ಒತ್ತಿದ ಕೂಡಲೇ ಕೂಗಿಕೊಂಡು ಬಂದ್ ಆಗುತ್ತದೆಂದು ನಮ್ಮಲ್ಲಿಗೆ ಬಂದರು. ಯಜಮಾನರು “ಹೋಗಿ ಲೋಡ್ ನೋಡ್ಕೊಂಡು ಬಾ” ಎಂದು ನನ್ನನ್ನು ಕಳಿಸಿದರು.

ಹೊರಡುವ ಮೊದಲು ಅವರು ಹೇಳಿಕೊಟ್ಟ ಉಪಾಯ ನನ್ನ ವೃತ್ತಿಗೆ ಸಿಕ್ಕ ದೊಡ್ಡ ಆಸ್ತಿ. ಆಗ ನಮ್ಮ ಹತ್ತಿರ ವ್ಯಾಟ್ ಮೀಟರ್ ಇರಲಿಲ್ಲ. ಆದರೆ ಪ್ರತಿ ಮನೆಯ ಗೋಡೆಯ ಮೇಲೂ ಒಂದು ಮೀಟರ್ ಇತ್ತಲ್ಲ! ಒಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುವ ಹಳೆಯ ಮೀಟರ್. ಅದರ ಮುಖದ ಮೇಲೆ ಒಂದು ಯೂನಿಟ್‌ಗೆ ತಟ್ಟೆ ಎಷ್ಟು ಸುತ್ತು ಎಂದು ಬರೆದಿರುತ್ತದೆ. ಆ ಸೆಂಟರಿನ ಮೀಟರಿನಲ್ಲಿ 600 ಸುತ್ತು ಎಂದಿತ್ತು. ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ಉರಿದದ್ದು. ಗಂಟೆಗೆ 3600 ಸೆಕೆಂಡ್. 1000ವನ್ನು 3600ರಿಂದ ಗುಣಿಸಿ 600 ಸುತ್ತಿನಿಂದ ಭಾಗಿಸಿದರೆ 6000. ಅದನ್ನು ಒಂದು ಸುತ್ತಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಆ ಹೊತ್ತಿನ ವ್ಯಾಟ್ ಸಿಗುತ್ತದೆ. ಉಳಿದದ್ದನ್ನೆಲ್ಲ ಆಫ್ ಮಾಡಿ, ಅಳೆಯಬೇಕಾದ್ದೊಂದನ್ನೇ ಹಾಕಿ, ತಟ್ಟೆಯ ಅಂಚಿನ ಗುರುತು ಎದುರಿಗೆ ಬಂದಾಗ ಗಡಿಯಾರ ನೋಡಬೇಕು. ಅಷ್ಟೇ ಕೆಲಸ.

ಮೊದಲು ಒಂದು ಕಂಪ್ಯೂಟರ್ ಮತ್ತು ಅದರ 14 ಇಂಚಿನ ಮಾನಿಟರ್ ಹಾಕಿಸಿದೆ. ಗುರುತು ಸುತ್ತು ಹಾಕಿ ಬರಲು 40 ಸೆಕೆಂಡ್, ಅಂದರೆ 150 ವ್ಯಾಟ್. ಪೆಟ್ಟಿಗೆಯ ಹಿಂಭಾಗದ ಚೀಟಿಯಲ್ಲಿ ಮಾತ್ರ 250 ವ್ಯಾಟ್ ಎಂದಿತ್ತು. ಅದು ಒಳಗಿನ ಪವರ್ ಸಪ್ಲೈ ಕೊಡಬಲ್ಲ ಗರಿಷ್ಠ, ದಿನದ ಕೆಲಸಕ್ಕೆ ಎಳೆಯುವ ಕರೆಂಟಲ್ಲ. ಚೀಟಿ ನೋಡಿ ಲೆಕ್ಕ ಹಾಕಿದ್ದರೆ ಅವರು ಸುಮ್ಮನೆ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಬೇಕಾಗಿತ್ತು. ಆಮೇಲೆ ಲೇಸರ್ ಪ್ರಿಂಟರ್. ಅದು ಸುಮ್ಮನಿದ್ದಾಗ ತಟ್ಟೆ ತೆವಳುತ್ತಿತ್ತು. ಒಂದು ಪುಟ ಕೊಟ್ಟೆವೋ ಇಲ್ಲವೋ ಎಂಟು ಸೆಕೆಂಡಿಗೊಂದು ಸುತ್ತು, ಅಂದರೆ 750 ವ್ಯಾಟ್. ಕಾಗದದ ಮೇಲೆ ಶಾಯಿಪುಡಿಯನ್ನು ಕರಗಿಸಿ ಅಂಟಿಸಲು ಅದರೊಳಗೊಂದು ಹೀಟರ್ ಇದೆ. ಅದು ಆಗಾಗ ಹತ್ತಿಕೊಂಡು ಆರುತ್ತದೆ, ಹತ್ತಿದಾಗಲೆಲ್ಲ ಸಣ್ಣ ಯುಪಿಎಸ್ಸನ್ನು ಮಲಗಿಸುತ್ತದೆ. ಆ ಸೆಂಟರಿನವರಿಗೆ ಮೀಟರಿನ ಎದುರೇ ನಿಲ್ಲಿಸಿ ತೋರಿಸಿದೆ. ತಟ್ಟೆಯ ಓಟ ಕಣ್ಣಿಗೆ ಕಂಡ ಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. “ಪ್ರಿಂಟು ಕರೆಂಟು ಬಂದಮೇಲೂ ತೆಗೀಬಹುದು ಬಿಡಿ, ಪುಟ ಹೋಗಬಾರದು ಅಷ್ಟೇ” ಎಂದು ಅವರೇ ಹೇಳಿದರು. ಯಾವುದು ನಿಲ್ಲಬಾರದು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಪ್ರಿಂಟರನ್ನು ಯುಪಿಎಸ್‌ನಿಂದ ಕಳಚಿ ನೇರ ಲೈನಿಗೆ ಹಾಕಿದೆವು.

ಉಳಿದದ್ದು ಎರಡು ಕಂಪ್ಯೂಟರ್, 300 ವ್ಯಾಟ್. ಯುಪಿಎಸ್‌ಗಳನ್ನು ಮಾರುವುದು ವಿಎ ಲೆಕ್ಕದಲ್ಲಿ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವಿಎ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬೀಳುವ ಪಾಲು ವ್ಯಾಟ್. ಎರಡರ ಅನುಪಾತಕ್ಕೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಆ ಕಾಲದ ಕಂಪ್ಯೂಟರಿಗೆ ಅದು 0.6ರ ಹತ್ತಿರ ಇರುತ್ತಿತ್ತು. 300ನ್ನು 0.6ರಿಂದ ಭಾಗಿಸಿದರೆ 500 ವಿಎ. ಮೇಲೆ ಕಾಲು ಪಾಲು ಸೇರಿಸಿ 625. ಪೇಟೆಯಲ್ಲಿ ಸಿಗುವ ಮುಂದಿನ ಅಳತೆ 800 ವಿಎ. ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟ್ ಇನ್ನೂ ಮೋಸದ್ದು. 40 ವ್ಯಾಟಿನ ಪಟ್ಟಿ, ಚೋಕು ಸೇರಿ 52ರಿಂದ 55 ವ್ಯಾಟ್, ಪವರ್ ಫ್ಯಾಕ್ಟರ್ ಅರ್ಧದ ಹತ್ತಿರ. ಅಂದರೆ ಒಂದು ಟ್ಯೂಬಿಗೆ 100 ವಿಎಗಿಂತ ತುಸು ಹೆಚ್ಚೇ ತೆಗೆದಿಡಬೇಕು. 600 ವಿಎ ಎಂದು ಬರೆದ ಯುಪಿಎಸ್ ಬಹಳ ಸಲ 360 ವ್ಯಾಟಷ್ಟೇ ಕೊಡುತ್ತದೆಂಬುದನ್ನು ಅಂಗಡಿಯವರು ತಾವಾಗಿ ಹೇಳಬೇಕು. ಹೇಳದಿರುವುದು ಗಿರಾಕಿಗೆ ಬಗೆದ ದ್ರೋಹ ಎಂದು ಯಜಮಾನರು ನಂಬಿದ್ದರು. ನನ್ನ ನಂಬಿಕೆಯೂ ಅದೇ.

ಇನ್ನು ಬ್ಯಾಟರಿ. ಇಲ್ಲೇ ಜನ ಹೆಚ್ಚು ಗೊಂದಲಕ್ಕೆ ಬೀಳುವುದು. ದೊಡ್ಡ ವಿಎ ತಂದರೆ ಹೆಚ್ಚು ಹೊತ್ತು ಬರುತ್ತದೆ ಎಂದುಕೊಳ್ಳುತ್ತಾರೆ. ನಲ್ಲಿ ದೊಡ್ಡದು ಹಾಕಿಸಿದರೆ ಹಂಡೆ ದೊಡ್ಡದಾಗುವುದಿಲ್ಲ. ಗಂಟೆಯ ಲೆಕ್ಕ ಬ್ಯಾಟರಿಯದ್ದು. ಡಿಟಿಪಿಯವರಿಗೆ ಎರಡು ಗಂಟೆ ಬೇಕಿತ್ತು. 300 ವ್ಯಾಟ್, ಎರಡು ಗಂಟೆ, 600 ವ್ಯಾಟ್‌ಅವರ್. ಬ್ಯಾಟರಿಯ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವಾಗ ಐದರಲ್ಲೊಂದು ಪಾಲು ಶಾಖವಾಗಿ ಹೋಗುತ್ತದೆ. ಹಾಗಾಗಿ ಬ್ಯಾಟರಿಯಿಂದ 750 ತೆಗೆಯಬೇಕು. 12 ವೋಲ್ಟಿನಿಂದ ಭಾಗಿಸಿದರೆ 62 ಚಿಲ್ಲರೆ ಆಂಪಿಯರ್‌ಅವರ್. ಹಾಗಾದರೆ 65ರ ಬ್ಯಾಟರಿ ಸಾಕಲ್ಲ ಎನ್ನಬಹುದು. ಸಾಲದು. ಬ್ಯಾಟರಿಯ ಮೇಲೆ ಬರೆದ ಆಂಪಿಯರ್‌ಅವರ್ ಸಿಗುವುದು ಅದನ್ನು ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ. ಸಿ20 ಎಂದು ಬರೆದಿದ್ದರೆ 20 ಗಂಟೆ ಹಿಡಿದು, ಸಿ10 ಎಂದಿದ್ದರೆ ಹತ್ತು ಗಂಟೆ ಹಿಡಿದು ಖಾಲಿ ಮಾಡಿದಾಗ. ಅದೇ ಸಿ20 ಬ್ಯಾಟರಿಯನ್ನು ಎರಡೇ ಗಂಟೆಯಲ್ಲಿ ಹಿಂಡಿದರೆ ಬರೆದದ್ದರ ಮೂರರಲ್ಲಿ ಸುಮಾರು ಎರಡು ಪಾಲು ಸಿಕ್ಕೀತು. ಸೀಸದ ಬ್ಯಾಟರಿಗಳ ಈ ಗುಣವನ್ನು ಪಾಯ್ಕರ್ಟ್ ಎಂಬ ಜರ್ಮನಿಯ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದ. ಆ ಲೆಕ್ಕದಲ್ಲಿ 62 ಹೋಗಿ 95ರ ಹತ್ತಿರ ಬಂತು. ಅದರ ಮೇಲೆ ವಯಸ್ಸು. ಬ್ಯಾಟರಿ ತನ್ನ ಶಕ್ತಿಯ ನೂರಕ್ಕೆ 80 ಪಾಲಿಗೆ ಇಳಿದಾಗ ಬದಲಿಸಬೇಕು ಎನ್ನುವುದು ಎಂಜಿನಿಯರುಗಳ ರೂಢಿ. ಕೊನೆಯ ದಿನದಲ್ಲೂ ಎರಡು ಗಂಟೆ ಬೇಕೆಂದರೆ ಮೊದಲ ದಿನವೇ ಇನ್ನೊಂದು ಕಾಲು ಪಾಲು ಸೇರಿಸಬೇಕು. 120 ಆಯಿತು. ನಾವು ಕೊಟ್ಟದ್ದು 150ರ ಟ್ಯೂಬ್ಯುಲರ್. 65ರ ಬ್ಯಾಟರಿಯ ರೇಟು ಬೇರೆಕಡೆ ಕೇಳಿಕೊಂಡು ಬಂದಿದ್ದ ಅವರಿಗೆ ಈ ಅಂತರವನ್ನು ಯಜಮಾನರು ನೋಟ್‌ಬುಕ್ಕಿನಲ್ಲಿ ಸಾಲುಸಾಲಾಗಿ ಬರೆದು ತೋರಿಸಿದರು.

ಬ್ಯಾಂಕು, ಸೊಸೈಟಿ, ಕ್ಲಿನಿಕ್ಕುಗಳ ಕತೆ ಹೆಚ್ಚು ಕಡಿಮೆ ಇದೇ. ಮನೆಗಳದ್ದು ಬೇರೆ. ಮನೆಯಲ್ಲಿ ಪಟ್ಟಿ ಮಾಡುವುದು ಸಂಸಾರದ ಒಳಗೆ ಕೂತು ಮಾಡುವ ಕೆಲಸ. ಮನೆಯ ಯಜಮಾನರಿಗೆ ಟಿವಿ ಬೇಕು, ಮಕ್ಕಳಿಗೆ ಓದುವ ಕೋಣೆಯ ದೀಪ, ಅಜ್ಜನಿಗೆ ಫ್ಯಾನು. ಅಡುಗೆಮನೆಯ ದೀಪ ಪಟ್ಟಿಯಲ್ಲಿ ಕೊನೆಗೆ ಬರುತ್ತಿತ್ತು, ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಸಂಜೆ ಏಳರಿಂದ ಒಂಬತ್ತರ ಲೋಡ್ ಶೆಡ್ಡಿಂಗಿನಲ್ಲಿ ಆ ಮನೆಯಲ್ಲಿ ಎದ್ದು ದುಡಿಯುತ್ತಿದ್ದವರು ಒಲೆಯ ಮುಂದಿದ್ದವರೊಬ್ಬರೇ. ಹಾಗಾಗಿ ಪಟ್ಟಿ ಮುಗಿಯಿತು ಎಂದಾಗ ನಾನು ಒಳಗೆ ಹೋಗಿ “ಅಮ್ಮ, ನಿಮಗೆ ಎಲ್ಲಿ ಬೆಳಕು ಬೇಕು?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮಿಕ್ಸಿ, ಫ್ರಿಜ್ಜು, ನೀರಿನ ಮೋಟಾರು ಬೇಡವೆಂದು ಒಪ್ಪಿಸುವುದು ಕಷ್ಟವಿರಲಿಲ್ಲ. ಮೋಟಾರು ಇರುವ ಯಾವುದೇ ಸಾಮಾನು ತಿರುಗಲು ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇಡೀ ಯುಪಿಎಸ್ ದೊಡ್ಡದಾಗಬೇಕು.

ಇಪ್ಪತ್ತು ವರ್ಷಗಳಲ್ಲಿ ಈ ಮನೆಯ ಲೆಕ್ಕ ಬದಲಾದದ್ದನ್ನು ನೋಡಿದ್ದು ನನಗೆ ನಿಜವಾದ ಸಂತೋಷ. ಮೂರು ಟ್ಯೂಬು, ಎರಡು ಫ್ಯಾನು ಎಂದರೆ ಆಗ 165 ಮತ್ತು 150, ಒಟ್ಟು 315 ವ್ಯಾಟ್. 2015ರಿಂದ ಉಜಾಲಾ ಯೋಜನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಹಳ್ಳಿಗಳನ್ನು ಮುಟ್ಟಿತು. 20 ವ್ಯಾಟಿನ ಎಲ್‌ಇಡಿ ಟ್ಯೂಬು ಬಂತು, 30 ವ್ಯಾಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನು ಬಂತು. ಅದೇ ಮನೆ, ಅದೇ ಬೆಳಕು, ಅದೇ ಗಾಳಿ, ಈಗ 120 ವ್ಯಾಟ್. ನಿಧಾನವಾಗಿ ಎಳೆದರೆ ಬ್ಯಾಟರಿ ಹೆಚ್ಚು ಕೊಡುವ ಕಾರಣ ಗಂಟೆಗಳು ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತವೆ. ಬ್ಯಾಕಪ್ ಸಾಲುತ್ತಿಲ್ಲ, ದೊಡ್ಡ ಬ್ಯಾಟರಿ ಕೊಡಿ ಎಂದು ಬಂದವರಿಗೆ ನಾನು ಮೊದಲು ಹೇಳುತ್ತಿದ್ದುದು ಫ್ಯಾನು ಬದಲಿಸಿ ಎಂದು. ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ ಎಂದವರಿದ್ದಾರೆ. ಆದರೆ ಬ್ಯಾಟರಿ ಐದಾರು ವರ್ಷಕ್ಕೆ ಗುಜರಿಗೆ ಹೋಗುತ್ತದೆ. ಒಮ್ಮೆ ಇಳಿಸಿದ ಲೋಡು ಇಳಿದೇ ಇರುತ್ತದೆ.

ಇಷ್ಟು ವರ್ಷ ಮಾಡಿದ ಲೆಕ್ಕಗಳೆಲ್ಲ ಅನುಕೂಲಕ್ಕಾಗಿ ಮಾಡಿದವು. ಉಸಿರಿಗಾಗಿ ಲೆಕ್ಕ ಹಾಕಬೇಕಾಗಿ ಬಂದದ್ದು 2021ರಲ್ಲಿ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಆಸ್ಪತ್ರೆ ಸೇರಿ ಬದುಕಿ ಬಂದ ದೊಡ್ಡಪ್ಪನ ಶ್ವಾಸಕೋಶ ಪೂರ್ತಿ ಸುಧಾರಿಸಿರಲಿಲ್ಲ. ನಿಮಿಷಕ್ಕೆ ಎರಡು ಲೀಟರ್ ಆಕ್ಸಿಜನ್ ಮನೆಯಲ್ಲೂ ಬೇಕು ಎಂದು ಡಾಕ್ಟರು ಬರೆದುಕೊಟ್ಟರು. ನಿಮಿಷಕ್ಕೆ ಐದು ಲೀಟರ್ ಕೊಡಬಲ್ಲ ಆಕ್ಸಿಜನ್ ಯಂತ್ರ, ಕಾನ್ಸಂಟ್ರೇಟರ್ ಒಂದನ್ನು ಹೇಗೋ ಹೊಂದಿಸಿ ತಂದರು. ಅವರ ಮನೆ ಹಿನ್ನೀರಿನ ಕಡೆಯ ಒಂಟಿ ಮನೆ. ಜೂನ್ ಹತ್ತಿರ ಬರುತ್ತಿತ್ತು. ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಲ್ಲ ಮಾರಾಯ, ಕರೆಂಟು ಹೋದ್ರೆ ಇದು ರಾತ್ರಿ ಪೂರ್ತಿ ಓಡ್ತದಾ ಇಲ್ವಾ? ಅಷ್ಟು ಹೇಳು ಸಾಕು.”

ಆ ಮನೆಯ ಮೀಟರು ಈಗ ತಟ್ಟೆಯದ್ದಲ್ಲ. ಯೂನಿಟ್ಟಿಗೆ 3200 ಸಲ ಕೆಂಪು ದೀಪ ಮಿನುಗುವ ಎಲೆಕ್ಟ್ರಾನಿಕ್ ಮೀಟರ್. ಹಳೆಯ ಉಪಾಯ ಅಲ್ಲೂ ನಡೆಯುತ್ತದೆ. ಎಲ್ಲವನ್ನೂ ಆಫ್ ಮಾಡಿ ಕಾನ್ಸಂಟ್ರೇಟರ್ ಒಂದನ್ನೇ ಹಾಕಿ ಎಣಿಸಿದೆ. ಹತ್ತು ಮಿನುಗಿಗೆ 35 ಸೆಕೆಂಡ್, ಅಂದರೆ 320 ವ್ಯಾಟ್. ಎರಡು ಲೀಟರಿಗೆ ಇಳಿಸಿಟ್ಟರೂ ಕಂಪ್ರೆಸರ್ ಅಷ್ಟೇ ಓಡುವುದರಿಂದ ಕರೆಂಟಿನಲ್ಲಿ ಹೇಳಿಕೊಳ್ಳುವ ಇಳಿತ ಕಾಣಲಿಲ್ಲ. ಮನೆಯಲ್ಲಿದ್ದ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ದೀಪ, ಫ್ಯಾನಿಗೆ ನಡೆಯುತ್ತದೆ. ಕಂಪ್ರೆಸರಿನ ಮೋಟಾರು ಅದರ ಮೇಲೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ರಾತ್ರಿಯಿಡೀ ಓಡಬೇಕಾದ ಯಂತ್ರವನ್ನು ಅದಕ್ಕೆ ನಂಬಿ ಬಿಡುವಂತಿರಲಿಲ್ಲ. ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಬೇಕೇ ಬೇಕಿತ್ತು.

ಜಗಲಿಯಲ್ಲಿ ಕೂತು ಬರೆದೆ. 200 ಆಂಪಿಯರ್‌ಅವರಿನ ಎರಡು ಸಿ10 ಬ್ಯಾಟರಿ, 24 ವೋಲ್ಟ್, ಒಟ್ಟು 4800 ವ್ಯಾಟ್‌ಅವರ್. ಪೂರ್ತಿ ಹಿಂಡಬಾರದು, ನೂರಕ್ಕೆ 80 ಪಾಲು ಸಾಕು. ಹೊಸ ಇನ್ವರ್ಟರಿನಲ್ಲಿ ನಷ್ಟ ಐದರಲ್ಲೊಂದಕ್ಕಿಂತ ಕಡಿಮೆ, ಅದನ್ನು ಕಳೆದರೆ 3260ರ ಸುಮಾರು ಕೈಗೆ ಬರುತ್ತದೆ. 320ರಿಂದ ಭಾಗಿಸಿದರೆ ಹತ್ತು ಗಂಟೆ. ಅದು ಬ್ಯಾಟರಿ ಹೊಸದಿದ್ದಾಗ, ಹಳೆಯದಾದಾಗ ಎಂಟು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಹತ್ತು ಗಂಟೆ ಎನ್ನುವುದು ಭರವಸೆಯಲ್ಲ. ಖಾಲಿಯಾದದ್ದನ್ನು ತುಂಬುವ ಲೆಕ್ಕವೂ ಇದೆ. 160 ಆಂಪಿಯರ್‌ಅವರ್ ತೆಗೆದಿದ್ದನ್ನು 20 ಆಂಪಿಯರಿನ ಚಾರ್ಜರ್ ಹಿಂದಿರುಗಿಸಲು ನಷ್ಟ ಸೇರಿ ಹತ್ತು ಗಂಟೆ ಬೇಕು. ನಡುವೆ ಎರಡು ಗಂಟೆ ಕರೆಂಟು ಬಂದು ಹೋದರೆ ಬ್ಯಾಟರಿ ತುಂಬಿದಂತಲ್ಲ. ಇನ್ನೊಂದು ತೊಡಕು ವೋಲ್ಟೇಜ್. ಸಂಜೆ ಆ ಲೈನಿನಲ್ಲಿ 170 ವೋಲ್ಟ್ ಇರುತ್ತಿತ್ತು. ಯುಪಿಎಸ್ ಮೋಡಿನಲ್ಲಿಟ್ಟರೆ ಇನ್ವರ್ಟರ್ 180ಕ್ಕಿಂತ ಕೆಳಗಿನ ಕರೆಂಟನ್ನು ಒಪ್ಪದೆ ಬ್ಯಾಟರಿಗೆ ಹೋಗುತ್ತದೆ. ಮನೆಯವರು ಕರೆಂಟಿದೆ ಎಂದು ನೆಮ್ಮದಿಯಲ್ಲಿರುತ್ತಾರೆ, ಬ್ಯಾಟರಿ ಒಳಗೊಳಗೇ ಇಳಿಯುತ್ತಿರುತ್ತದೆ.

ಆಗ ಸಿಲಿಂಡರಿನ ಲೆಕ್ಕ ಹಾಕಿದೆ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ 750 ನಿಮಿಷ, ಹನ್ನೆರಡೂವರೆ ಗಂಟೆ. ಎರಡು ದೊಡ್ಡ ಬ್ಯಾಟರಿಗಿಂತ ಒಂದು ಸಣ್ಣ ಸಿಲಿಂಡರ್ ಹೆಚ್ಚು ಹೊತ್ತು ಕಾಯುತ್ತದೆ. ಅದಕ್ಕೆ ವೋಲ್ಟೇಜ್ ಬೇಡ, ಚಾರ್ಜರ್ ಬೇಡ. ಬದುಕಿಡೀ ಬ್ಯಾಟರಿ ಮಾರಿದವನಾಗಿ ನಾನು ಖಚಿತವಾಗಿ ಹೇಳುತ್ತೇನೆ: ಅಂಥ ಮನೆಯಲ್ಲಿ ಕೊನೆಯ ಆಸರೆ ಬ್ಯಾಟರಿಯಾಗಿರಕೂಡದು. ಬ್ಯಾಟರಿ ಮೊದಲ ಆಸರೆ, ತುಂಬಿದ ಎರಡು ಸಿಲಿಂಡರು ಅದರ ಹಿಂದೆ. ಹಾಗೇ ಮಾಡಿದೆವು. ಕಾನ್ಸಂಟ್ರೇಟರಿಗೆ ಹೊಸ ಇನ್ವರ್ಟರ್ ಒಂದನ್ನೇ ಮೀಸಲಿಟ್ಟು, ದೀಪಗಳನ್ನು ಹಳೆಯದರ ಮೇಲೇ ಬಿಟ್ಟೆವು. ಬ್ಯಾಟರಿ ಚಾರ್ಜಾಗುವಾಗ ಜಲಜನಕ ಬಿಡುವುದರಿಂದ ಗಾಳಿಯಾಡುವ ಜಗಲಿಯ ಮೂಲೆಯಲ್ಲಿ ಅವುಗಳ ಜಾಗ. ಆಕ್ಸಿಜನ್ ಇರುವ ಕೋಣೆಗೆ ಚಿಮಣಿ ದೀಪ, ಮೇಣದಬತ್ತಿ, ಊದುಬತ್ತಿ ತರಲೇಬಾರದೆಂದು ದೊಡ್ಡಮ್ಮನಿಗೆ ಮತ್ತೆ ಮತ್ತೆ ಹೇಳಿದೆ. ಕರೆಂಟು ಹೋದ ಕೂಡಲೇ ಕೈ ಹೋಗುವುದು ಬೆಂಕಿಪೊಟ್ಟಣದ ಕಡೆಗೇ. ಪೂರ್ತಿ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ: ಇನ್ವರ್ಟರ್ ಯಾವ ಕೂಗು ಕೂಗಿದರೆ ಏನು ಅರ್ಥ, ಯಾವಾಗ ಸಿಲಿಂಡರಿಗೆ ಬದಲಿಸುವುದು, ವಾಲ್ವ್ ಯಾವ ಕಡೆ ತಿರುಗಿಸುವುದು, ಯಾರಿಗೆ ಫೋನ್ ಮಾಡುವುದು. ಮೈನ್ ಆಫ್ ಮಾಡಿ ದೊಡ್ಡಮ್ಮನ ಕೈಯಲ್ಲೇ ಎಲ್ಲವನ್ನೂ ಮಾಡಿಸಿ ನೋಡಿ ಬಂದೆ.

ಆ ಮಳೆಗಾಲದಲ್ಲಿ ಒಂದು ರಾತ್ರಿ ಮರ ಬಿದ್ದು ಎರಡು ಕಂಬ ಉರುಳಿದವು. ಸಂಜೆ ಹೋದ ಕರೆಂಟು ಮಾರನೆಯ ದಿನ ಮಧ್ಯಾಹ್ನದ ತನಕ ಬರಲಿಲ್ಲ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ನಿಲ್ಲಿಸಿದರು. ಬ್ಯಾಟರಿ ನಸುಕಿನವರೆಗೆ ಬಂತು. ಇನ್ವರ್ಟರ್ ಕೂಗಿದಾಗ ದೊಡ್ಡಮ್ಮ ಗೋಡೆಯ ಚೀಟಿಗೆ ಟಾರ್ಚ್ ಹಿಡಿದು, ಸಿಲಿಂಡರಿಗೆ ಬದಲಿಸಿ, ದೊಡ್ಡಪ್ಪನಿಗೆ ಕಾಫಿ ಮಾಡಿಕೊಟ್ಟರಂತೆ. ನನಗೆ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ.

ಓದುತ್ತಿರುವ ನೀವು ಯುಪಿಎಸ್ ಕೊಳ್ಳಲು ಹೊರಟಿದ್ದರೆ ಅಂಗಡಿಗೆ ಹೋಗುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಪಟ್ಟಿ ಬರೆಯಿರಿ. ಮೀಟರಿನ ಮಿನುಗು ಎಣಿಸಿ ವ್ಯಾಟ್ ತಿಳಿದುಕೊಳ್ಳಿ. ಅಂಗಡಿಯವರು ವಿಎ ಹೇಳಿದರೆ ವ್ಯಾಟ್ ಎಷ್ಟು ಎಂದು ಕೇಳಿ. ಆಂಪಿಯರ್‌ಅವರ್ ಹೇಳಿದರೆ ಸಿ10ನದೋ ಸಿ20ಯದೋ ಎಂದು ಕೇಳಿ. ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲು ಒಂದು ಸಲವಂತೂ ಖಂಡಿತ, ಮೈನ್ ಆಫ್ ಮಾಡಿ ಎಷ್ಟು ಗಂಟೆ ಬರುತ್ತದೆಂದು ನೋಡಿ ಗೋಡೆಯ ಮೇಲೆ ಬರೆದಿಡಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇರುವವರು ಇದನ್ನು ತಿಂಗಳಿಗೊಮ್ಮೆ ಮಾಡಿ. ಆದರೆ ಮೊದಲು ಸಿಲಿಂಡರ್ ತುಂಬಿದೆಯೇ ಎಂದು ಗೇಜ್ ನೋಡಿ, ರೋಗಿಯನ್ನು ಅದಕ್ಕೆ ಬದಲಿಸಿಕೊಂಡು, ಆಮೇಲೆ ಮೈನ್ ಆಫ್ ಮಾಡಿ.